ಹಲಗೆಯ ಮೇಲಿನ ಹೆಜ್ಜೆ: ಬೆಲ್ಜಿಯಮ್ಮಿನ ಪೀಟ್ ಬಯಲಿನಲ್ಲಿ ಸುಲಭ ನಡಿಗೆಗಳು

ಓಟ್ ಫಾನ್ಯಕ್ಕೆ ಹೊರಡುವ ದಿನ ಬೆಳಿಗ್ಗೆ ಮೊದಲು ವಿಚಾರಿಸಬೇಕಾದದ್ದು ಬಾವುಟದ ವಿಷಯ. ಬಯಲಿನ ಅಂಚಿನ ಕಂಬಗಳಲ್ಲಿ ಕೆಂಪು ಬಾವುಟ ಏರಿದೆ ಎಂದರೆ ಬೆಂಕಿಯ ಅಪಾಯವಿದೆ ಎಂದರ್ಥ. ಆ ಭಾಗಕ್ಕೆ ಯಾರನ್ನೂ ಬಿಡುವುದಿಲ್ಲ. ಇನ್ನೂರು ಕಿಲೋಮೀಟರ್ ಕಾರು ಓಡಿಸಿಕೊಂಡು ಬಂದಿದ್ದರೂ ವಾಪಸ್ಸು ತಿರುಗಲೇಬೇಕು. ವರ್ಷದ ಬಹುಪಾಲು ಮಳೆ, ಮಂಜು, ಹಿಮದಲ್ಲಿ ನೆನೆದೇ ಇರುವ ನೆಲಕ್ಕೆ ಬೆಂಕಿಯ ಭಯವೇ ಎಂದು ಯಾರಿಗಾದರೂ ಅನ್ನಿಸುತ್ತದೆ. ಆ ಪ್ರಶ್ನೆಗೆ ಉತ್ತರ ತಿಳಿದವರು ಇಲ್ಲಿ ಹೇಗೆ ನಡೆಯಬೇಕು ಎಂಬುದನ್ನೂ ತಿಳಿದಂತೆಯೇ.

ಬೆಲ್ಜಿಯಮ್ಮಿನ ಪೂರ್ವದ ಅಂಚಿನಲ್ಲಿ, ಜರ್ಮನಿಯ ಗಡಿಗೆ ಒತ್ತಿಕೊಂಡಂತೆ ಓಯ್ಪೆನ್, ಮಾಲ್ಮೆದಿ, ಸ್ಪಾ, ಮೋನ್ಶಾವ್ ಎಂಬ ಊರುಗಳ ನಡುವೆ ಒಂದು ಎತ್ತರದ ಪ್ರಸ್ಥಭೂಮಿ ಇದೆ. ಫ್ರೆಂಚಿನಲ್ಲಿ ಅದನ್ನು ಓಟ್ ಫಾನ್ಯ ಎನ್ನುತ್ತಾರೆ, ಜರ್ಮನ್ನಿನಲ್ಲಿ ಹೋಹೆಸ್ ಫೆನ್. ದಾರಿಫಲಕಗಳಲ್ಲಿ ಎರಡೂ ಹೆಸರು ಕಾಣುವುದರಿಂದ ಎರಡನ್ನೂ ನೆನಪಿಟ್ಟುಕೊಂಡರೆ ಅನುಕೂಲ. ಬೆಲ್ಜಿಯಮ್ಮಿನ ಅತಿ ಎತ್ತರದ ಜಾಗ, 694 ಮೀಟರಿನ ಬೊತ್ರಾಂಜ್, ಇರುವುದು ಇಲ್ಲೇ. 1957ರಲ್ಲಿ ಇದನ್ನು ಸರ್ಕಾರಿ ನಿಸರ್ಗ ರಕ್ಷಿತಾರಣ್ಯವೆಂದು ಘೋಷಿಸಿದರು. ಈಗ ರಕ್ಷಿತ ಪ್ರದೇಶ 5000 ಹೆಕ್ಟೇರ್‌ಗೂ ಹೆಚ್ಚು. ಅರಣ್ಯ ಎಂದೆನಾದರೂ ಇದರ ಹೃದಯಭಾಗದಲ್ಲಿ ಮರಗಳು ವಿರಳ. ಕಣ್ಣು ಹಾಯುವಷ್ಟು ದೂರ ಹುಲ್ಲು, ಹಾವಸೆ, ಕಪ್ಪು ನೀರಿನ ಹೊಂಡಗಳು, ಅಲ್ಲೊಂದು ಇಲ್ಲೊಂದು ಕುರುಚಲು ಬರ್ಚ್ ಗಿಡ.

ಬ್ರಸೆಲ್ಸ್, ಲ್ಯೂವೆನ್, ಐಂಡ್‌ಹೋವನ್, ಆಖೆನ್ ಈ ಊರುಗಳಲ್ಲಿ ಓದಲು, ದುಡಿಯಲು ಬಂದು ನೆಲೆಸಿದ ಕನ್ನಡಿಗರು ಇದ್ದಾರೆ. ಬೇಸಿಗೆಯಲ್ಲಿ ಊರಿನಿಂದ ಅಪ್ಪ ಅಮ್ಮ ಬರುತ್ತಾರೆ. ಅವರನ್ನು ಪ್ಯಾರಿಸ್, ಆಮ್‌ಸ್ಟರ್‌ಡ್ಯಾಮ್ ಎಂದು ಸುತ್ತಿಸಿ, ಕಲ್ಲು ಹಾಸಿದ ಬೀದಿಗಳಲ್ಲಿ ಮೊಣಕಾಲು ನೋಯಿಸಿ, ಇನ್ನೆಲ್ಲಿಗೆ ಎಂದು ಯೋಚಿಸುವವರಿಗೆ ಈ ಲೇಖನ. ಓಟ್ ಫಾನ್ಯದ ಸುಲಭದ ದಾರಿಗಳಲ್ಲಿ ಏರು ಇಲ್ಲವೆನ್ನುವಷ್ಟು ಕಡಿಮೆ. ಹೆಚ್ಚಿನ ಕಡೆ ಮರದ ಹಲಗೆ ಹಾಸಿದ್ದಾರೆ. ಅರವತ್ತೈದು ದಾಟಿದವರೂ, ಆರು ವರ್ಷದ ಮಕ್ಕಳೂ ಎರಡು ಮೂರು ತಾಸಿನಲ್ಲಿ ಆರಾಮವಾಗಿ ಮುಗಿಸಬಹುದು. ಆದರೆ ಅವಸರ ಮಾಡಿದವರಿಗೆ ಇಲ್ಲಿ ಏನೂ ಕಾಣುವುದಿಲ್ಲ. ಬೆಟ್ಟ ಹತ್ತಿದರೆ ತುದಿಯಲ್ಲಿ ಒಂದು ನೋಟ ಕಾದಿರುತ್ತದೆ. ಈ ಬಯಲಿನ ಸಿರಿಯೆಲ್ಲ ಪಾದದಿಂದ ಒಂದು ಗೇಣು ಆಚೆ, ನೆಲದ ಮಟ್ಟದಲ್ಲಿದೆ. ನಿಲ್ಲಬೇಕು, ಬಗ್ಗಬೇಕು, ನೋಡಬೇಕು.

ಹಾವಸೆ ಕಟ್ಟಿದ ನೆಲ

ಇಲ್ಲಿ ವರ್ಷಕ್ಕೆ ಸುಮಾರು 1400 ಮಿಲಿಮೀಟರ್ ಮಳೆ. ಮಲೆನಾಡಿನವರಿಗೆ ಈ ಅಂಕಿ ದೊಡ್ಡದೆನಿಸಲಿಕ್ಕಿಲ್ಲ. ಆದರೆ ಮುಂಗಾರಿನಂತೆ ನಾಲ್ಕು ತಿಂಗಳಲ್ಲಿ ಸುರಿದು ಮುಗಿಯುವ ಮಳೆ ಇದಲ್ಲ, ವರ್ಷವಿಡೀ ಹಂಚಿಕೊಂಡು ಬೀಳುತ್ತದೆ. ತಂಪು ಹವೆಯಾದ್ದರಿಂದ ಆವಿಯಾಗುವುದು ಕಡಿಮೆ. ಅಡಿಯಲ್ಲಿ ನೀರನ್ನು ಇಂಗಲು ಬಿಡದ ಜೇಡಿ ಪದರ. ಹೀಗೆ ನಿಂತ ನೀರಿನಲ್ಲಿ ಸ್ಫ್ಯಾಗ್ನಮ್ ಎಂಬ ಹಾವಸೆ ಬೆಳೆಯುತ್ತದೆ. ಅದಕ್ಕೆ ಬೇರಿಲ್ಲ. ತಲೆ ಮೇಲಕ್ಕೆ ಬೆಳೆಯುತ್ತಲೇ ಇರುತ್ತದೆ, ಬುಡ ಸಾಯುತ್ತಲೇ ಇರುತ್ತದೆ. ಒಣಗಿದ ತೂಕದ ಇಪ್ಪತ್ತು ಪಟ್ಟಿನವರೆಗೆ ನೀರು ಹಿಡಿದಿಡುವ ಶಕ್ತಿ ಅದಕ್ಕಿದೆ. ಜೊತೆಗೆ ಸುತ್ತಲಿನ ನೀರನ್ನು ಹುಳಿಯಾಗಿಸುತ್ತದೆ. ಹುಳಿ ನೀರು, ಆಮ್ಲಜನಕದ ಕೊರತೆ, ಚಳಿ ಮೂರೂ ಸೇರಿದಲ್ಲಿ ಸತ್ತ ಸಸ್ಯ ಪೂರ್ತಿ ಕೊಳೆಯುವುದಿಲ್ಲ. ಅರೆಕೊಳೆತ ಸ್ಥಿತಿಯಲ್ಲೇ ಪದರ ಪದರವಾಗಿ ಕೂರುತ್ತದೆ. ಅದೇ ಪೀಟ್.

ಪೀಟ್ ಬೆಳೆಯುವುದು ವರ್ಷಕ್ಕೆ ಹೆಚ್ಚೆಂದರೆ ಒಂದು ಮಿಲಿಮೀಟರ್. ಅಂದರೆ ಒಂದು ಮೀಟರ್ ದಪ್ಪದ ಪೀಟ್ ಕೂಡಲು ಕನಿಷ್ಠ ಸಾವಿರ ವರ್ಷ ಬೇಕು. ಓಟ್ ಫಾನ್ಯದಲ್ಲಿ ಕೆಲವೆಡೆ ಪೀಟಿನ ಆಳ 7 ಮೀಟರ್‌ನಷ್ಟಿದೆ. ಹಲಗೆಯಿಂದ ಒಂದು ಹೆಜ್ಜೆ ಆಚೆ ಇಟ್ಟವರ ಬೂಟು ಆ ಹಾವಸೆಯ ಮೇಲೆ ಮೂಡಿಸಿದ ಗುಂಡಿ ವರ್ಷಗಟ್ಟಲೆ ಮುಚ್ಚುವುದಿಲ್ಲ ಎಂಬುದು ಇದರಿಂದಲೇ ಅರ್ಥವಾಗುತ್ತದೆ. ನಡೆಯುವವರು ಕೆಸರಿಗೆ ಬೀಳದಿರಲೆಂದು ಮಾತ್ರ ಹಲಗೆ ಹಾಸಿದ್ದಾರೆ ಎಂದುಕೊಂಡರೆ ಅರ್ಧ ಸತ್ಯ. ಹಲಗೆ ಇರುವುದು ಹಾವಸೆಯ ರಕ್ಷಣೆಗೂ ಹೌದು.

ಇದು ಬೆಲ್ಜಿಯಮ್ಮಿನ ಒಂದು ಮೂಲೆಗೆ ಮಾತ್ರ ಸಂಬಂಧಿಸಿದ ವಿಷಯವೂ ಅಲ್ಲ. ಭೂಮಿಯ ಒಣನೆಲದಲ್ಲಿ ಪೀಟ್ ಇರುವುದು ಶೇ. 3ರಷ್ಟು ಮಾತ್ರ, ಆದರೆ ಲೋಕದ ಎಲ್ಲ ಕಾಡುಗಳ ಮರಗಿಡಗಳಲ್ಲಿ ಇರುವುದಕ್ಕಿಂತ ಹೆಚ್ಚು ಇಂಗಾಲ ಅಲ್ಲಿ ಕೂಡಿಬಿದ್ದಿದೆ. ನೀರು ಬಸಿದುಹೋದರೆ ಪೀಟಿಗೆ ಗಾಳಿ ತಾಗುತ್ತದೆ, ಕೊಳೆಯುವುದು ಶುರುವಾಗುತ್ತದೆ, ಕೂಡಿಟ್ಟ ಇಂಗಾಲ ಆಕಾಶ ಸೇರುತ್ತದೆ. ನಮ್ಮ ಕಡೆಯೂ ಎತ್ತರದ ಜೌಗುಗಳಲ್ಲಿ ಪೀಟ್ ಇದೆ. ನೀಲಗಿರಿಯ ಪೀಟಿನ ಪದರಗಳನ್ನು ಪರೀಕ್ಷಿಸಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಸಂಗಡಿಗರು ಕಳೆದ 20,000 ವರ್ಷಗಳಲ್ಲಿ ಅಲ್ಲಿ ಹುಲ್ಲುಗಾವಲು, ಕಾಡು ಹೇಗೆ ಏರಿಳಿದವು ಎಂಬುದನ್ನು 1993ರಲ್ಲಿ ತೋರಿಸಿಕೊಟ್ಟರು. ಫಾನ್ಯದ ಪೀಟಿನಲ್ಲೂ ಅಂಥದೇ ದಾಖಲೆ ಇದೆ. ಹಳೆಯ ಪರಾಗದ ಕಣಗಳು ಕೆಡದೆ ಉಳಿದಿರುವುದರಿಂದ ಯಾವ ಕಾಲಕ್ಕೆ ಯಾವ ಮರ ಇತ್ತು ಎಂದು ಓದಬಹುದು. ಈ ಬಯಲಿನ ಅಧ್ಯಯನಕ್ಕೆಂದೇ ಲಿಯೇಜ್ ವಿಶ್ವವಿದ್ಯಾಲಯ 1924ರಲ್ಲಿ ಇಲ್ಲಿ ಒಂದು ವೈಜ್ಞಾನಿಕ ಕೇಂದ್ರ ತೆರೆಯಿತು.

ಈಗ ಬೆಂಕಿಯ ವಿಷಯ. ಹಿಂದಿನ ಕಾಲದಲ್ಲಿ ಇಲ್ಲಿನ ಜನ ಪೀಟನ್ನು ಇಟ್ಟಿಗೆಯಾಕಾರದಲ್ಲಿ ಕೊಯ್ದು, ಒಣಗಿಸಿ, ಒಲೆಗೆ ಹಾಕುತ್ತಿದ್ದರು. ಅದರಿಂದ ಆದ ಹಾನಿ ಒಂದು ಪಾಲಾದರೆ, ಹತ್ತೊಂಬತ್ತನೇ ಶತಮಾನದಲ್ಲಿ ಸ್ಪ್ರೂಸ್ ಮರ ನೆಡಲೆಂದು ತೋಡಿದ ಬಸಿಗಾಲುವೆಗಳಿಂದ ಆದದ್ದು ಅದಕ್ಕಿಂತ ದೊಡ್ಡದು. ನೀರು ಇಳಿದ ಕಡೆಯೆಲ್ಲ ಹಾವಸೆ ಹಿಂದೆ ಸರಿದು ಮೊಲೀನಿಯಾ ಎಂಬ ಗಂಟುಹುಲ್ಲು ಹಬ್ಬಿತು. ಈ ಹುಲ್ಲು ಶರತ್ಕಾಲದಲ್ಲಿ ಒಣಗಿ, ಹಿಮದಡಿ ಮಲಗಿ, ಹಿಮ ಕರಗಿದ ಮೇಲೆ ಮಾರ್ಚ್‌ನಿಂದ ಮೇ ತಿಂಗಳವರೆಗೆ ಒಣಹುಲ್ಲಿನ ಹಾಸಾಗಿ ಬಿದ್ದಿರುತ್ತದೆ. ಹೊಸ ಚಿಗುರು ಬರುವ ಮುನ್ನ ಹತ್ತು ದಿನ ಬಿಸಿಲು, ಪೂರ್ವದ ಒಣಗಾಳಿ ಬಂದರೆ ಒಂದು ಸಿಗರೇಟು ತುಂಡು ಸಾಕು. 2011ರ ಏಪ್ರಿಲ್‌ನಲ್ಲಿ ಹೀಗೆ 1000 ಹೆಕ್ಟೇರ್‌ಗೂ ಹೆಚ್ಚು ಬಯಲು ಸುಟ್ಟುಹೋಯಿತು. 2023ರ ಮೇ ಕೊನೆಯಲ್ಲಿ ಮತ್ತೊಮ್ಮೆ ಬೆಂಕಿ ಬಿತ್ತು. ಆದ್ದರಿಂದ ಬಾವುಟ ಹೆಚ್ಚಾಗಿ ಏರುವುದು ಬಿರುಬೇಸಿಗೆಗಿಂತ ವಸಂತದಲ್ಲಿ. ಈಸ್ಟರ್ ರಜೆಗೆ ಬರುವ ಯೋಜನೆ ಹಾಕುವವರು ಇದನ್ನು ಲೆಕ್ಕದಲ್ಲಿಡಬೇಕು. ಬಾವುಟದ ಸ್ಥಿತಿಯನ್ನು ಬೊತ್ರಾಂಜ್ ಬಳಿಯ ನಿಸರ್ಗೋದ್ಯಾನ ಕೇಂದ್ರದವರು ಅಂತರ್ಜಾಲದಲ್ಲೂ ಫೋನಿನಲ್ಲೂ ತಿಳಿಸುತ್ತಾರೆ.

ಎಲ್ಲಿಗೆ ಹೋಗಬಹುದು, ಎಲ್ಲಿಗೆ ಕೂಡದು

ರಕ್ಷಿತ ಪ್ರದೇಶವನ್ನು ನಾಲ್ಕು ವಲಯಗಳಾಗಿ ಮಾಡಿದ್ದಾರೆ: ಎ, ಬಿ, ಸಿ, ಡಿ. ಎ ವಲಯದಲ್ಲಿ ಓಡಾಟ ಮುಕ್ತ. ಬಿ ವಲಯದಲ್ಲಿ ಗುರುತು ಮಾಡಿದ ದಾರಿ ಬಿಟ್ಟು ಕಾಲಿಡುವಂತಿಲ್ಲ. ಸಿ ವಲಯಕ್ಕೆ ಮಾನ್ಯತೆ ಪಡೆದ ಮಾರ್ಗದರ್ಶಿಯ ಜೊತೆಗಷ್ಟೇ ಪ್ರವೇಶ. ಡಿ ಪೂರ್ತಿ ಮುಚ್ಚಿದ್ದು. ಈ ಲೇಖನದ ದಾರಿಗಳನ್ನು ಮಾರ್ಗದರ್ಶಿಯಿಲ್ಲದೆ ನಡೆಯಬಹುದು, ಆದರೆ ದಾರಿ ಬಿಟ್ಟು ಇಳಿಯಬಾರದು. ಪ್ರವೇಶದ ಬಳಿಯ ಫಲಕದಲ್ಲಿ ವಲಯದ ಅಕ್ಷರ ಬರೆದಿರುತ್ತದೆ, ನೋಡಿಯೇ ಮುಂದೆ ಹೋಗಿ. ನಾಯಿ ಸಾಕಿದವರು ವಿಶೇಷವಾಗಿ ಗಮನಿಸಬೇಕು. ಹಗ್ಗ ಹಿಡಿದಿದ್ದರೂ ಬಯಲಿನ ಒಳದಾರಿಗಳಲ್ಲಿ ಹಲವೆಡೆ ನಾಯಿಗೆ ನಿಷೇಧವಿದೆ.

ಇಷ್ಟೊಂದು ಕಟ್ಟುನಿಟ್ಟು ಏಕೆಂದರೆ ಕಪ್ಪು ಗ್ರೌಸ್ ಎಂಬ ಹಕ್ಕಿ. ಕೋಳಿಯ ಗಾತ್ರ, ಗಂಡಿಗೆ ಹೊಳೆಯುವ ಕಪ್ಪು ಮೈ, ಕಣ್ಣಿನ ಮೇಲೆ ಕೆಂಪು ಹುಬ್ಬು, ಎರಡು ಕಡೆಗೆ ಬಾಗಿದ ಬಾಲ. ವಸಂತದ ಮುಂಜಾವಿನಲ್ಲಿ ಗಂಡುಗಳು ಬಯಲಿನ ಒಂದೇ ಜಾಗದಲ್ಲಿ ಸೇರಿ ಕುಣಿದು ಹೆಣ್ಣನ್ನು ಒಲಿಸಿಕೊಳ್ಳುತ್ತವೆ. ಇಡೀ ಬೆಲ್ಜಿಯಮ್ಮಿನಲ್ಲಿ ಈ ಹಕ್ಕಿಗೆ ಉಳಿದಿರುವ ಮನೆ ಓಟ್ ಫಾನ್ಯವೊಂದೇ. ಬೆರಳೆಣಿಕೆಗೆ ಇಳಿದಿದ್ದ ಅವುಗಳ ಸಂತತಿ ಉಳಿಸಲು 2017ರಿಂದ ಸ್ವೀಡನ್ನಿನಿಂದ ಹಕ್ಕಿಗಳನ್ನು ತಂದು ಬಿಡಲಾಗಿದೆ. ಗೂಡು ಕಟ್ಟುವ ಕಾಲದಲ್ಲಿ ಒಬ್ಬ ಮನುಷ್ಯ ದಾರಿ ತಪ್ಪಿ ಒಳನುಗ್ಗಿದರೂ ಹೆಣ್ಣು ಹಕ್ಕಿ ಮೊಟ್ಟೆ ಬಿಟ್ಟು ಹಾರಿಹೋಗಬಹುದು. ಒಂದು ಒಳ್ಳೆಯ ಫೋಟೋಕ್ಕಾಗಿ ಹಲಗೆಯಿಂದ ಇಳಿಯುವವರನ್ನು ಕಂಡಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಪೊಲೊರ್ ಬಯಲು: ಮೊದಲ ಸಲದವರಿಗೆ

ಒಂದೇ ಒಂದು ದಾರಿ ನಡೆಯಲು ಸಮಯವಿದ್ದರೆ ಇದನ್ನೇ ಆರಿಸಿಕೊಳ್ಳಿ. ಓಯ್ಪೆನ್–ಮಾಲ್ಮೆದಿ ರಸ್ತೆಯ ಮೇಲಿರುವ ಮೋಂ ರಿಜಿಯಲ್ಲಿ ಕಾರು ನಿಲ್ಲಿಸಲು ಜಾಗವಿದೆ, ಬಸ್ ನಿಲ್ದಾಣವಿದೆ, ಕಾಫಿ ಕುಡಿಯಲು ಹೋಟೆಲೂ ಇದೆ. ಅಲ್ಲಿಂದ ಪೊಲೊರ್ ಬಯಲಿಗೆ ಇಳಿಯುವ ಶೈಕ್ಷಣಿಕ ದಾರಿ ಸುಮಾರು ನಾಲ್ಕೂವರೆ ಕಿಲೋಮೀಟರಿನ ಸುತ್ತು. ಒಂದು ಭಾಗದಲ್ಲಿ ಗಾಲಿಕುರ್ಚಿ, ಮಕ್ಕಳ ತಳ್ಳುಗಾಡಿ ಹೋಗುವಷ್ಟು ಅಗಲದ ಹಲಗೆ ಇದೆ. ಆದರೆ ಪೂರ್ತಿ ಸುತ್ತಿಗೆ ಅದು ಸಾಲದು. ಗಾಲಿಕುರ್ಚಿಯವರು ಹೋದ ದಾರಿಯಲ್ಲೇ ಹಿಂದಿರುಗಬೇಕು. ಹಲಗೆಗಳ ರಿಪೇರಿ ಆಗಾಗ ನಡೆಯುವುದರಿಂದ ಹೊರಡುವ ಮುನ್ನ ಕೇಂದ್ರಕ್ಕೆ ಒಂದು ಫೋನು ಮಾಡುವುದು ಒಳ್ಳೆಯದು.

ದಾರಿಯ ಪಕ್ಕದಲ್ಲಿ ಮಾಹಿತಿ ಫಲಕಗಳಿವೆ. ಅವನ್ನು ಓದುತ್ತ ಹೋದರೆ ಒಣ ಬಯಲು, ಹದಗೆಟ್ಟ ಬಯಲು, ಜೀವಂತ ಪೀಟ್ ಬಯಲು ಈ ಮೂರರ ವ್ಯತ್ಯಾಸ ಕಣ್ಣಿಗೆ ಕಟ್ಟುತ್ತದೆ. ಮೊದಲು ಸಿಗುವ ಎತ್ತರದ ಹುಲ್ಲುಗಂಟುಗಳು ಮೊಲೀನಿಯಾ. ಮುಂದೆ ನೆಲ ತಗ್ಗಾದಂತೆ ಹುಲ್ಲು ಕುಳ್ಳಾಗಿ, ಹಾವಸೆಯ ದಿಬ್ಬಗಳು ಕಾಣಿಸುತ್ತವೆ. ಕೆಲವು ಹಸಿರು, ಕೆಲವು ಹಳದಿ, ಕೆಲವು ಮಾಗಿದ ದ್ರಾಕ್ಷಿಯಂತೆ ಕೆಂಪು. ಒಂದೇ ಸ್ಫ್ಯಾಗ್ನಮ್ಮಿನ ಬೇರೆ ಬೇರೆ ಜಾತಿಗಳು ಅವು. ತೀರ ತೇವದಲ್ಲಿ ಒಂದು ಬಗೆ, ದಿಬ್ಬದ ತಲೆಯಲ್ಲಿ ಇನ್ನೊಂದು. ಇಲ್ಲಿ ನಿಂತು ಹಲಗೆಯ ಮೇಲೆ ಕುಕ್ಕುರುಗಾಲಿನಲ್ಲಿ ಕೂತು ನೋಡಿ. ಬೇಸಿಗೆಯಲ್ಲಾದರೆ ಉಗುರಿನಷ್ಟು ಅಗಲದ ಕೆಂಪು ಎಲೆಗಳು, ಎಲೆಯ ಸುತ್ತ ಕೂದಲು, ಪ್ರತಿ ಕೂದಲಿನ ತುದಿಯಲ್ಲಿ ಅಂಟಿನ ಹನಿ ಕಾಣಬಹುದು. ಅದು ಡ್ರೋಸೆರಾ, ಕೀಟ ಹಿಡಿದು ತಿನ್ನುವ ಗಿಡ. ಪೀಟಿನಲ್ಲಿ ಸಾರಜನಕ ಸಿಗದ ಕಾರಣ ಸೊಳ್ಳೆ, ನೊಣಗಳಿಂದ ಅದನ್ನು ಪಡೆಯುತ್ತದೆ. ಈ ಕುಟುಂಬದ ಬೇರೆ ಜಾತಿಗಳು ನಮ್ಮ ಪಶ್ಚಿಮ ಘಟ್ಟದ ಸಾಲಿನಲ್ಲೂ ಮಳೆಗಾಲ ಕಳೆಯುವ ಹೊತ್ತಿಗೆ ತೇವದ ಬಂಡೆನೆಲದಲ್ಲಿ ಬೆಳೆಯುತ್ತವೆ. ಊರಿನಿಂದ ಬಂದ ಸಸ್ಯಶಾಸ್ತ್ರದ ಮೇಷ್ಟ್ರು ಯಾರಾದರೂ ಜೊತೆಗಿದ್ದರೆ ಅವರನ್ನು ಇಲ್ಲಿಂದ ಎಬ್ಬಿಸುವುದು ಕಷ್ಟ.

ಜೂನ್‌ನಲ್ಲಿ ಬಂದವರು ಬಿಳಿಯ ಪುಟ್ಟ ನಕ್ಷತ್ರದಂಥ ಹೂವನ್ನು ಹುಡುಕಬೇಕು. ಟ್ರಯೆಂಟಾಲಿಸ್ ಎಂಬ ಆ ಗಿಡದ ಹೂವಿಗೆ ಸಾಮಾನ್ಯವಾಗಿ ಏಳು ಎಸಳು, ಹೂವಿನ ಲೋಕದಲ್ಲಿ ಅಪರೂಪದ ಸಂಖ್ಯೆ. ಈ ನಿಸರ್ಗೋದ್ಯಾನದ ಲಾಂಛನವೇ ಅದು. ಪೊಲೊರ್ ತೊರೆ ಹುಟ್ಟುವುದೂ ಈ ಬಯಲಿನಲ್ಲೇ. ನೀರು ಚಹಾದ ಬಣ್ಣದ್ದು. ಕೊಳಕಲ್ಲ, ಪೀಟಿನಿಂದ ಬಿಟ್ಟುಕೊಂಡ ಬಣ್ಣ ಅಷ್ಟೆ.

ಬ್ರಾಕ್‌ಫೆನ್: ಹನ್ನೆರಡು ಸಾವಿರ ವರ್ಷದ ಹೊಂಡಗಳು

ಆಖೆನ್ ಕಡೆಯಿಂದ ಬರುವವರಿಗೆ ಇದು ಹತ್ತಿರ. ಕಾರಿನಲ್ಲಿ ಅರ್ಧ ಮುಕ್ಕಾಲು ಗಂಟೆ. ಓಯ್ಪೆನ್–ಮೋನ್ಶಾವ್ ರಸ್ತೆಯಲ್ಲಿ, ಜರ್ಮನಿಯ ಮ್ಯುಟ್ಸೆನಿಶ್ ಹಳ್ಳಿಗೆ ಸ್ವಲ್ಪ ಮೊದಲು ನಾಟ್ಸೀಫ್ ಎಂಬಲ್ಲಿ ವಾಹನ ನಿಲ್ಲಿಸುವ ಜಾಗ ಸಿಗುತ್ತದೆ. ಅಲ್ಲಿಂದ ಹಲಗೆ ದಾರಿ ಬಯಲಿನ ಒಳಕ್ಕೆ ಸಾಗುತ್ತದೆ. ಹಲಗೆ ಇಲ್ಲಿ ಪೊಲೊರ್‌ನಷ್ಟು ಅಗಲವಿಲ್ಲ. ನಮ್ಮ ಕರಾವಳಿ, ಮಲೆನಾಡಿನ ಕಾಲುಸಂಕ ದಾಟಿದ ಅಭ್ಯಾಸವಿದ್ದವರಿಗೆ ಏನೂ ಅನಿಸುವುದಿಲ್ಲ. ಎದುರಿನಿಂದ ಜನ ಬಂದಾಗ ಒಬ್ಬರು ಪಕ್ಕಕ್ಕೆ ಸರಿದು ನಿಲ್ಲಬೇಕಾಗುತ್ತದೆ. ಮುಪ್ಪಿನವರಿಗೆ ಒಂದು ಕೋಲು ಇದ್ದರೆ ವಾಸಿ.

ಮೇ ಕೊನೆ, ಜೂನ್ ಮೊದಲಲ್ಲಿ ಬ್ರಾಕ್‌ಫೆನ್ನಿಗೆ ಹೋಗಬೇಕು. ಹತ್ತಿಹುಲ್ಲು ಕಾಯಿ ಬಿಡುವ ಕಾಲ ಅದು. ಹುಬ್ಬಳ್ಳಿ, ಹಾವೇರಿ ಕಡೆಯವರು ಹತ್ತಿ ಹೊಲ ಕಂಡಿರುತ್ತಾರೆ, ಆದರೆ ನೀರಿನ ಮೇಲೆ ನಿಂತ ಬಿಳಿಯನ್ನು ಕಂಡಿರಲಾರರು. ಇಡೀ ಬಯಲು ಗಾಳಿಗೆ ಒಂದೇ ಕಡೆ ಬಾಗುತ್ತದೆ.

ಇಲ್ಲಿ ಹೂವಿಗಿಂತಲೂ ನನ್ನನ್ನು ಹಿಡಿದು ನಿಲ್ಲಿಸುವುದು ದುಂಡನೆಯ ಹೊಂಡಗಳು. ಸುತ್ತ ಮಣ್ಣಿನ ಒಡ್ಡು, ನಡುವೆ ನೀರು, ನೀರಿನ ಮೇಲೆ ತೇಲುವ ಹಾವಸೆಯ ಹಾಸು. ಹಿಂದಿನವರು ಇವನ್ನು ಮನುಷ್ಯರು ಮೀನು ಸಾಕಲು ತೋಡಿದ ಕೊಳಗಳೆಂದು ನಂಬಿದ್ದರು. ಆಮೇಲೆ ಇವು ಹಿಮಯುಗದ ಗುರುತು ಎಂದು ತಿಳಿಯಿತು. ಸುಮಾರು 12,000 ವರ್ಷದ ಹಿಂದೆ, ಹಿಮಯುಗದ ಕೊನೆಯ ಚಳಿಯ ಅವಧಿಯಲ್ಲಿ ಇಲ್ಲಿನ ನೆಲ ಹೆಪ್ಪುಗಟ್ಟಿತ್ತು. ಮಣ್ಣಿನೊಳಗಿನ ನೀರು ಒಂದೆಡೆ ಸೇರಿ ಮಂಜುಗಡ್ಡೆಯ ತಿರುಳಾಗಿ ಬೆಳೆದು ಮೇಲಿನ ನೆಲವನ್ನು ಗುಡ್ಡದಂತೆ ಉಬ್ಬಿಸಿತು. ಉಬ್ಬಿದ ಗುಡ್ಡದ ಮೇಲಿನ ಮಣ್ಣು ಬೇಸಿಗೆಯಲ್ಲಿ ಸಡಿಲವಾಗಿ ನಾಲ್ಕೂ ಬದಿಗೆ ಜಾರಿ ಬುಡದಲ್ಲಿ ಗುಪ್ಪೆಬಿತ್ತು. ಭೂಮಿ ಬಿಸಿಯಾದಾಗ ಒಳಗಿನ ಗಡ್ಡೆ ಕರಗಿತು, ಗುಡ್ಡ ಕುಸಿದು ಹೊಂಡವಾಯಿತು, ಜಾರಿದ ಮಣ್ಣು ಬಳೆಯಾಕಾರದ ಒಡ್ಡಾಗಿ ಉಳಿಯಿತು. ಭೂವಿಜ್ಞಾನಿಗಳು ಇದನ್ನು ಲಿಥಾಲ್ಸಾ ಎನ್ನುತ್ತಾರೆ. ಪೀಟ್ ಮೊದಲು ಕೂಡಲು ಶುರುವಾದದ್ದು ಇಂಥ ಹೊಂಡಗಳಲ್ಲೇ. ಒಡ್ಡಿನ ಮೇಲೆ ಹತ್ತಬೇಡಿ, ಹಲಗೆಯಿಂದಲೇ ಅದರ ವೃತ್ತ ಚೆನ್ನಾಗಿ ಕಾಣುತ್ತದೆ.

ಬರಾಕ್ ಮಿಶೆಲ್ ಮತ್ತು ಪ್ರೇಮಿಗಳ ಶಿಲುಬೆ

ಮೋಂ ರಿಜಿಯಿಂದ ಓಯ್ಪೆನ್ ಕಡೆಗೆ ಸ್ವಲ್ಪ ದೂರ ಹೋದರೆ ಬರಾಕ್ ಮಿಶೆಲ್ ಎಂಬ ಹಳೆಯ ಛತ್ರ ಸಿಗುತ್ತದೆ. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಮಿಶೆಲ್ ಸ್ಮಿಟ್ಸ್ ಎಂಬ ದರ್ಜಿ ಈ ನಿರ್ಜನ ಬಯಲಿನ ನಡುವೆ ಗುಡಿಸಲು ಹಾಕಿದ. ಬಯಲಿನಲ್ಲಿ ದಾರಿ ತಪ್ಪಿ ಸಾವಿನ ಬಾಯಿಂದ ಪಾರಾದವನು ಹೊತ್ತ ಹರಕೆ ಅದು ಎಂದು ಜನ ಹೇಳುತ್ತಾರೆ. ಅವನ ಮನೆಯವರು ಮಂಜಿನಲ್ಲಿ ಸಿಕ್ಕಿಕೊಂಡ ದಾರಿಹೋಕರನ್ನು ಕರೆತಂದು ಉಳಿಸುತ್ತಿದ್ದರು. ಪಕ್ಕದಲ್ಲೇ ಫಿಶ್‌ಬಾಖ್ ಚಾಪೆಲ್ ಎಂಬ ಪುಟ್ಟ ಪ್ರಾರ್ಥನಾ ಮಂದಿರ ಇದೆ. 1830ರ ಆಸುಪಾಸಿನಲ್ಲಿ ಕಟ್ಟಿದ್ದು. ಅದರ ಗೋಪುರದಲ್ಲಿ ರಾತ್ರಿ ದೀಪ ಹಚ್ಚಿಡುತ್ತಿದ್ದರು, ಮಂಜು ಕವಿದಾಗ ಗಂಟೆ ಬಾರಿಸುತ್ತಿದ್ದರು. ಇಂದು ಬೇಸಿಗೆಯ ಮಧ್ಯಾಹ್ನ ನೋಡಿದರೆ ಇಲ್ಲಿ ದಾರಿ ತಪ್ಪುವುದು ಹೇಗೆ ಎಂದು ಅನ್ನಿಸುತ್ತದೆ. ಅಕ್ಟೋಬರಿನ ಒಂದು ಬೆಳಿಗ್ಗೆ ಮಂಜಿನಲ್ಲಿ ಬಂದರೆ ಹತ್ತು ಹೆಜ್ಜೆ ಮುಂದಿನ ಕಂಬವೂ ಕಾಣುವುದಿಲ್ಲ.

ಇಲ್ಲಿಂದ ಬಯಲಿನೊಳಗೆ ನಡೆದರೆ ಪ್ರೇಮಿಗಳ ಶಿಲುಬೆ ಸಿಗುತ್ತದೆ. ಫ್ರಾಂಸ್ವಾ ರೈಫ್ ಜಿಲೆಪ್ ಅಣೆಕಟ್ಟೆಯ ಕೆಲಸಕ್ಕೆ ಬಂದಿದ್ದ ಕೂಲಿ. ಮರಿ ಸೊಲೈಡ್ ಒಂದು ತೋಟದ ಮನೆಯಲ್ಲಿ ಕೆಲಸಕ್ಕಿದ್ದಳು. ಮದುವೆಗೆ ಬೇಕಾದ ಕಾಗದಪತ್ರ ಅವಳ ಊರಿನಲ್ಲಿತ್ತು. ಆ ಊರು ಆಗ ಗಡಿಯಾಚೆ ಪ್ರಷ್ಯದಲ್ಲಿತ್ತು. 1871ರ ಜನವರಿಯಲ್ಲಿ ಜಾಲೆ ಎಂಬ ಹಳ್ಳಿಯಿಂದ ಇಬ್ಬರೂ ಹಿಮದಲ್ಲೇ ಬಯಲು ದಾಟಲು ಹೊರಟರು. ತಲುಪಲಿಲ್ಲ. ಮಾರ್ಚ್‌ನಲ್ಲಿ ಹಿಮ ಕರಗಿದ ಮೇಲೆ ಮರಿಯ ದೇಹ ಗಡಿಕಲ್ಲಿನ ಬಳಿ ಸಿಕ್ಕಿತು, ಫ್ರಾಂಸ್ವಾನದು ಅಲ್ಲಿಂದ ದೂರದಲ್ಲಿ. ಅವಳ ಬಟ್ಟೆಯಲ್ಲಿ ಅವನು ಬರೆದಿಟ್ಟ ಚೀಟಿ ಇತ್ತು: ಅವಳು ಈಗಷ್ಟೇ ತೀರಿಕೊಂಡಳು, ತಾನೂ ಅದೇ ದಾರಿ ಹಿಡಿಯುತ್ತಿದ್ದೇನೆ ಎಂಬರ್ಥದ್ದು. ಶಿಲುಬೆಯ ಹತ್ತಿರ ಪ್ರಷ್ಯ–ಬೆಲ್ಜಿಯಂ ಗಡಿಯ ಹಳೆಯ ಕಲ್ಲುಕಂಬ ಇಂದಿಗೂ ನಿಂತಿದೆ. 1920ರಲ್ಲಿ, ಮೊದಲ ಮಹಾಯುದ್ಧದ ನಂತರ, ಆಚೆಯ ಊರುಗಳೂ ಬೆಲ್ಜಿಯಮ್ಮಿಗೆ ಸೇರಿ ಈ ಗಡಿ ಇಲ್ಲವಾಯಿತು.

ದಾರಿಗೆ ಫಲಕಗಳಿವೆ, ನೆಲ ಸಮತಟ್ಟು. ಆದರೆ ಕೆಲವೆಡೆ ಹಲಗೆ ಇಲ್ಲದ ಕೆಸರಿನ ದಾರಿ, ಮಳೆಯ ಮರುದಿನ ಕಣಕಾಲು ಮುಳುಗುತ್ತದೆ. ಮೊಣಕಾಲು ನೋವಿನವರಿಗೆ ಪೊಲೊರ್‌ಗಿಂತ ಇದು ಕಷ್ಟದ್ದು. ಚಾಪೆಲ್ ನೋಡಿ ಛತ್ರದಲ್ಲಿ ಕೂತು ಕಾಯುವವರನ್ನು ಬಿಟ್ಟು ಉಳಿದವರು ಹೋಗಿಬರಬಹುದು.

ಬೊತ್ರಾಂಜ್‌ನ ಬಗ್ಗೆ ಹೆಚ್ಚು ಹೇಳುವುದಿಲ್ಲ. ದೇಶದ ಅತಿ ಎತ್ತರದ ಜಾಗವೆಂದು ಜನ ಅಲ್ಲಿಗೇ ನುಗ್ಗುತ್ತಾರೆ. 1923ರಲ್ಲಿ, ಆಗಿನ ಆಡಳಿತಾಧಿಕಾರಿ ಬಾಲ್ಟಿಯಾ ಅವರ ಕಾಲದಲ್ಲಿ, ಆರು ಮೀಟರ್ ಎತ್ತರದ ಮಣ್ಣಿನ ದಿಬ್ಬ ಹಾಕಿ ಮೆಟ್ಟಿಲು ಕಟ್ಟಿ 700 ಮೀಟರ್ ತುಂಬಿಸಿದರು. 1934ರಲ್ಲಿ ಕಟ್ಟಿದ ಗೋಪುರವೂ ಇದೆ. ಮಕ್ಕಳಿಗೆ ದಿಬ್ಬ ಹತ್ತುವ ಖುಷಿ ಸಿಗುತ್ತದೆ. ಅಲ್ಲಿಂದ ಹತ್ತಿರವೇ ಇರುವ ಉದ್ಯಾನ ಕೇಂದ್ರಕ್ಕೆ ಮಾತ್ರ ತಪ್ಪದೆ ಹೋಗಿ: ನಕ್ಷೆ, ಶೌಚಾಲಯ, ತಿಂಡಿ, ಬಯಲಿನ ಬಗೆಗಿನ ಪ್ರದರ್ಶನ ಎಲ್ಲ ಅಲ್ಲಿವೆ. ಮಳೆ ಜೋರಾದ ದಿನ ಹಿರಿಯರನ್ನು ಕರೆದೊಯ್ಯಲು ಇದೇ ಜಾಗ.

ಯಾವಾಗ, ಏನು ಹೊತ್ತು

ಹತ್ತಿಹುಲ್ಲಿಗೆ ಮೇ–ಜೂನ್, ಹೀದರಿನ ನೇರಳೆ ಹೂವಿಗೆ ಆಗಸ್ಟ್. ಒಂದೇ ಸಲ ಬರುವ ಅವಕಾಶವಿದ್ದರೆ ನಾನು ಅಕ್ಟೋಬರಿನ ಮೊದಲ ಎರಡು ವಾರ ಎನ್ನುತ್ತೇನೆ. ಹಾವಸೆಯನ್ನು ಹಿಂದೆ ತಳ್ಳಿದ ಅದೇ ಮೊಲೀನಿಯಾ ಆಗ ತಾಮ್ರದ ಬಣ್ಣಕ್ಕೆ ತಿರುಗಿರುತ್ತದೆ. ಅಕ್ಟೋಬರ್ ಕೊನೆಯಿಂದ ಕೊಕ್ಕರೆಯಂತೆ ಕಾಣುವ ಕ್ರೇನ್ ಹಕ್ಕಿಗಳು ಗುಂಪುಗುಂಪಾಗಿ ದಕ್ಷಿಣಕ್ಕೆ ಹಾರುತ್ತ ಈ ಬಯಲಿನ ಮೇಲೆ ಹಾಯುತ್ತವೆ. ಕೂಗು ಮೊದಲು ಕೇಳಿಸುತ್ತದೆ, ಹಕ್ಕಿ ಆಮೇಲೆ ಕಾಣುತ್ತದೆ. ಹಿಮ ಬಿದ್ದ ವಾರಾಂತ್ಯಗಳಲ್ಲಿ ಬರಬೇಡಿ. ಸುತ್ತಲಿನ ಮೂರು ದೇಶದ ಜನ ಸ್ಕೀಯಿಂಗಿಗೆ ಬಂದು ರಸ್ತೆ, ಪಾರ್ಕಿಂಗ್ ಎರಡೂ ತುಂಬಿಹೋಗುತ್ತವೆ. ಹಿಮ ನೋಡುವ ಆಸೆಯಿದ್ದರೆ ವಾರದ ನಡುವಿನ ದಿನ ಒಳ್ಳೆಯದು, ಆದರೆ ಹಲಗೆಯ ಮೇಲೆ ಹಿಮ ಗಡ್ಡೆಗಟ್ಟಿದ್ದರೆ ಹಿರಿಯರನ್ನು ನಡೆಸಬೇಡಿ.

ಕೆಳಗಿನ ಊರುಗಳಿಗಿಂತ ಇಲ್ಲಿ ಐದಾರು ಡಿಗ್ರಿ ಚಳಿ ಹೆಚ್ಚಿರುವುದು ಸಾಮಾನ್ಯ, ಗಾಳಿಗೆ ಮರೆಯಿಲ್ಲ. ಜುಲೈಯಲ್ಲೂ ಅಮ್ಮನ ಬ್ಯಾಗಿನಲ್ಲಿ ಸ್ವೆಟರು, ಕಿವಿ ಮುಚ್ಚುವ ಸ್ಕಾರ್ಫ್, ಮಳೆಕೋಟು ಇರಲಿ. ಕೊಡೆ ಗಾಳಿಗೆ ನಿಲ್ಲುವುದಿಲ್ಲ. ಸೀರೆ ಉಟ್ಟು ಬರುವುದಾದರೆ ಹಲಗೆಯ ಅಗಲದ ಪೊಲೊರ್ ಭಾಗಕ್ಕಷ್ಟೇ ಸರಿ. ಒದ್ದೆ ಹಲಗೆಯಲ್ಲಿ ನೆರಿಗೆ ಕಾಲಿಗೆ ಸಿಕ್ಕುವ ಅಪಾಯವಿದೆ. ಚಪ್ಪಲಿ ಬೇಡವೇ ಬೇಡ. ಅಡಿಭಾಗದಲ್ಲಿ ಹಲ್ಲುಗಳಿರುವ, ನೀರು ಇಳಿಯದ ಬೂಟು, ಒಂದು ಜೊತೆ ಹೆಚ್ಚುವರಿ ಕಾಲುಚೀಲ.

ಉಣುಗಿನ ಬಗ್ಗೆ ಎಚ್ಚರವಿರಲಿ. ಶಿವಮೊಗ್ಗ, ಉತ್ತರ ಕನ್ನಡದವರಿಗೆ ಮಂಗನ ಕಾಯಿಲೆಯಿಂದಾಗಿ ಉಣುಗು ಏನು ಮಾಡಬಲ್ಲದು ಎಂದು ಗೊತ್ತು. ಇಲ್ಲಿನ ಉಣುಗು ಲೈಮ್ ಎಂಬ ಬೇರೆ ಕಾಯಿಲೆ ಹರಡುತ್ತದೆ. ಉದ್ದ ಪ್ಯಾಂಟು ಹಾಕಿ, ಅದರ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ. ಮನೆಗೆ ಹೋದ ಮೇಲೆ ಮೊಣಕಾಲಿನ ಹಿಂದೆ, ಕಂಕುಳು, ತೊಡೆಸಂದು, ಮಕ್ಕಳಿಗಾದರೆ ಕೂದಲಿನ ಅಂಚು ನೋಡಿ. ಕಚ್ಚಿದ್ದರೆ ಎಣ್ಣೆ, ಸುಣ್ಣ ಹಚ್ಚದೆ ಚಿಮುಟಿಯಿಂದ ಚರ್ಮಕ್ಕೆ ಹತ್ತಿರ ಹಿಡಿದು ನೇರವಾಗಿ ಎಳೆಯಿರಿ. ಮುಂದಿನ ವಾರಗಳಲ್ಲಿ ಕಚ್ಚಿದ ಜಾಗದ ಸುತ್ತ ಕೆಂಪು ವೃತ್ತ ಹರಡಿದರೆ ವೈದ್ಯರ ಬಳಿ ಹೋಗಲೇಬೇಕು. ಬೇಗ ಹೋದರೆ ಆಂಟಿಬಯಾಟಿಕ್‌ನಿಂದ ಗುಣವಾಗುತ್ತದೆ. ಅಪ್ಪ ಅಮ್ಮ ಊರಿಗೆ ವಾಪಸ್ಸಾದ ಮೇಲೆ ಇದು ಕಾಣಿಸಿದರೆ ಅಲ್ಲಿನ ವೈದ್ಯರಿಗೆ ಉಣುಗು ಕಚ್ಚಿದ್ದನ್ನು, ಯುರೋಪಿಗೆ ಹೋಗಿಬಂದದ್ದನ್ನು ತಪ್ಪದೆ ಹೇಳಬೇಕು.

ಬುತ್ತಿ ಕಟ್ಟಿಕೊಂಡು ಹೋಗುವುದೇ ಮೇಲು. ಚಪಾತಿ ಪಲ್ಯ, ಪುಳಿಯೋಗರೆ ಯಾವುದಾದರೂ ಆದೀತು. ತಿಂದ ಮೇಲೆ ಒಂದು ಕಾಗದದ ಚೂರೂ ಹಿಂದೆ ಉಳಿಯಬಾರದು. ಛತ್ರಗಳಲ್ಲಿ ಸಿಗುವ ಬಟಾಣಿ ಸೂಪಿನಲ್ಲಿ ಮಾಂಸ ಹಾಕುವುದು ವಾಡಿಕೆ, ಸಸ್ಯಾಹಾರಿಗಳು ಕೇಳಿಯೇ ಕುಡಿಯಬೇಕು. ನೇರಳೆ ಬಣ್ಣದ ಬಿಲ್‌ಬೆರಿ ಹಣ್ಣಿನ ಟಾರ್ಟ್ ಇಲ್ಲಿನ ವಿಶೇಷ, ಮೊಟ್ಟೆಗೆ ಅಭ್ಯಂತರವಿಲ್ಲದವರು ರುಚಿ ನೋಡಿ. ಬಯಲಿನಲ್ಲಿ ಗಿಡದಿಂದ ಹಣ್ಣು ಕೀಳಬೇಡಿ, ರಕ್ಷಿತ ಪ್ರದೇಶದಲ್ಲಿ ಅದಕ್ಕೆ ಅನುಮತಿಯಿಲ್ಲ.

ಕಾರಿಲ್ಲದವರಿಗೆ ಬ್ರಸೆಲ್ಸ್‌ನಿಂದ ಲಿಯೇಜ್, ವೆರ್ವಿಯೆ ಮೂಲಕ ಓಯ್ಪೆನ್‌ಗೆ ರೈಲು ಇದೆ. ವೆರ್ವಿಯೆ, ಓಯ್ಪೆನ್ ಎರಡೂ ಕಡೆಯಿಂದ ಟೆಕ್ ಸಂಸ್ಥೆಯ ಬಸ್ಸುಗಳು ಮೋಂ ರಿಜಿ, ಬೊತ್ರಾಂಜ್ ಕಡೆ ಹೋಗುತ್ತವೆ. ಬಸ್ಸುಗಳ ಸಂಖ್ಯೆ ಕಡಿಮೆ, ಭಾನುವಾರ ಇನ್ನೂ ಕಡಿಮೆ. ಹೋಗುವ ಬಸ್ಸಿಗಿಂತ ವಾಪಸ್ಸು ಬರುವ ಬಸ್ಸಿನ ಸಮಯವನ್ನು ಮೊದಲು ನೋಡಿಟ್ಟುಕೊಳ್ಳಿ. ಬಯಲಿನ ನಡುವೆ ಮೊಬೈಲ್ ಸಿಗ್ನಲ್ ಕೈಕೊಡಬಹುದು, ಆದ್ದರಿಂದ ಕಾಗದದ ನಕ್ಷೆ ಜೊತೆಗಿರಲಿ. ತುರ್ತಿಗೆ 112.

ಈ ದಾರಿಗಳನ್ನು ನಡೆದು ಇನ್ನೂ ಒಳಗೆ ಹೋಗುವ ಆಸೆ ಹುಟ್ಟಿದವರು ಸಿ ವಲಯಕ್ಕೆ ಮಾರ್ಗದರ್ಶಿಯ ಜೊತೆ ಹೋಗಬಹುದು. ಹಳೆಯ, ಆಳದ ಪೀಟ್ ಇರುವ ವಲೋನ್ ಬಯಲು ಆ ವಲಯದಲ್ಲಿದೆ. ಹಾವಸೆಗೆ ನೀರು ಮರಳಿ ಸಿಗಲೆಂದು ಹಳೆಯ ಬಸಿಗಾಲುವೆಗಳಿಗೆ ಕಟ್ಟೆ ಕಟ್ಟಿರುವುದನ್ನು, ಸ್ಪ್ರೂಸ್ ತೋಪು ಕಡಿದ ಜಾಗದಲ್ಲಿ ಹಾವಸೆ ಮತ್ತೆ ಹಬ್ಬುತ್ತಿರುವುದನ್ನು ಮಾರ್ಗದರ್ಶಿಗಳು ತೋರಿಸಿ ವಿವರಿಸುತ್ತಾರೆ. ಫ್ರೆಂಚ್, ಜರ್ಮನ್, ಡಚ್ ಭಾಷೆಗಳಲ್ಲಿ ನಡಿಗೆಗಳು ನಡೆಯುತ್ತವೆ. ಇಂಗ್ಲಿಷ್ ಬಲ್ಲ ಮಾರ್ಗದರ್ಶಿ ಬೇಕಿದ್ದರೆ ಮೊದಲೇ ಕೇಳಿ ಗೊತ್ತುಮಾಡಿಕೊಳ್ಳಬೇಕು. ನಾಲ್ಕೈದು ಕುಟುಂಬ ಸೇರಿ ಒಬ್ಬರನ್ನು ಗೊತ್ತುಮಾಡಿದರೆ ಖರ್ಚು ಹಗುರ. ಆ ದಾರಿಗಳಲ್ಲಿ ಹಲಗೆ ಇಲ್ಲದ ಕಡೆಗಳಿವೆ, ಮೊಣಕಾಲೆತ್ತರದ ರಬ್ಬರ್ ಬೂಟು ಬೇಕಾಗುತ್ತದೆ.